ಆರ್ಗನ್ ಮೇಲಿನ ಕನ್ನಡಿ

ಆ ಶನಿವಾರ ಸಂಜೆ ಚರ್ಚಿನ ತುಂಬ ಇದ್ದ ಜನ ದಡಬಡ ಎದ್ದು ನಿಂತು, ಹಿಂದಕ್ಕೆ ತಿರುಗಿ, ಮುಖ ಅರಳಿಸಿಕೊಂಡು ನೋಡಿದರು. ಬಾಗಿಲ ಬಳಿ ಅವರಿಗೆ ಕಂಡದ್ದು ಮದುಮಗಳಲ್ಲ, ಚರ್ಚಿನ ಗಂಟೆ ಹೊಡೆಯುವ ಮೇಸ್ತ್ರಿ.

ಕಪ್ಪು ನಿಲುವಂಗಿ ತೊಟ್ಟು, ಜ್ಞಾನಸ್ನಾನದ ತೊಟ್ಟಿಯ ಪಕ್ಕದ ಕಂಬಕ್ಕೆ ಒತ್ತಿ ನಿಂತಿದ್ದ ಅವನ ಬಲಗೈ ಇನ್ನೂ ಅರ್ಧ ಮೇಲೆಯೇ ಇತ್ತು. ಆರ್ಗನ್ ಮದುಮಗಳನ್ನು ಬರಮಾಡಿಕೊಳ್ಳುವ ಸಂಗೀತವನ್ನು ಚಾವಣಿ ಹಾರಿಹೋಗುವ ಹಾಗೆ ಮೊಳಗಿಸುತ್ತಿತ್ತು. ಮದುಮಗ ಕಣ್ಣಲ್ಲಿ ನೀರು ತುಂಬಿಕೊಂಡು ತಿರುಗಿದವನು ಮೇಸ್ತ್ರಿಯ ದಪ್ಪ ಮೀಸೆ ಕಂಡು ತಬ್ಬಿಬ್ಬಾದ. ನೀರು ಅಲ್ಲಿಯೇ ಇಂಗಿತು. ನಿಜವಾದ ಮದುಮಗಳು ಆ ಹೊತ್ತಿಗೆ ಹೊರಗೆ ಮೆಟ್ಟಿಲ ಬಳಿ ಒಂಟಿ ಕಾಲಲ್ಲಿ ನಿಂತು, ಕಿತ್ತುಹೋದ ಚಪ್ಪಲಿಯ ಪಟ್ಟಿಗೆ ಸೇಫ್ಟಿ ಪಿನ್ ಹಾಕಿಸಿಕೊಳ್ಳುತ್ತಿದ್ದಳು.

ಮೊದಲು ಯಾರೋ ಒಬ್ಬ ಅಜ್ಜಿ ಕಿಸಕ್ಕೆಂದರು. ಆಮೇಲೆ ಇಡೀ ಚರ್ಚು ನಕ್ಕಿತು. ಜನ ಕೂತರು. ಸಂಗೀತ ನಡುವೆಯೇ ನಿಂತಿತು. ಇಷ್ಟೆಲ್ಲ ಆದ ಮೇಲೆ ಮದುಮಗಳು ನಿಜಕ್ಕೂ ಬಂದಾಗ, ಮತ್ತೆ ಮೋಸ ಹೋಗುವುದು ಬೇಡವೆಂದು ಅರ್ಧ ಜನ ಏಳಲೇ ಇಲ್ಲ.

ಆರ್ಗನ್ ಮುಂದೆ ಕೂತಿದ್ದ ಟೀಚರ್‌ಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಅವಳನ್ನು ಚರ್ಚಿನ ಸಭೆಯ ಚಿಕ್ಕವರು ದೊಡ್ಡವರೆಲ್ಲ ಟೀಚರ್ ಎಂದೇ ಕರೆಯುವುದು. ಅಪ್ಪ ತೀರಿಕೊಂಡ ಮೇಲೆ ಅಪ್ಪನ ಆರ್ಗನ್ ಅವಳಿಗೆ ಬಂದಿತ್ತು. ಇಷ್ಟು ವರ್ಷದಲ್ಲಿ ಒಂದು ಸ್ವರ ಆಚೀಚೆ ಆಗಿರಬಹುದು, ಮದುವೆಗೆ ಮದುವೆಯೇ ಆಚೀಚೆ ಆದದ್ದು ಇದೇ ಮೊದಲು.

ತಪ್ಪು ಯಾರದು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಅದನ್ನು ಹೇಳಬೇಕಾದರೆ ಕನ್ನಡಿಯ ವಿಷಯ ಹೇಳಬೇಕು.

ಆ ಚರ್ಚಿನಲ್ಲಿ ಆರ್ಗನ್ ನುಡಿಸುವವರು ಜನರಿಗೆ ಬೆನ್ನು ಹಾಕಿ ಕೂರುತ್ತಾರೆ. ಎರಡೂ ಕೈ ಸ್ವರದ ಮನೆಗಳ ಮೇಲೆ, ಎರಡೂ ಕಾಲು ಪೆಡಲುಗಳ ಮೇಲೆ. ತಿರುಗಿ ನೋಡಲು ಪುರುಸೊತ್ತೆಲ್ಲಿ? ಅದಕ್ಕೇ ಕಣ್ಣಿಗಿಂತ ತುಸು ಎತ್ತರದಲ್ಲಿ ಅಂಗೈ ಎರಡರಷ್ಟು ದೊಡ್ಡದೊಂದು ಕನ್ನಡಿ. ಮದುವೆಯ ದಿನ ಅದರ ನಟ್ಟನಡುವೆ ಹಿಂದಿನ ದೊಡ್ಡ ಬಾಗಿಲು ಕಾಣಬೇಕು, ಅಂಚಿನಲ್ಲಿ ಕಂಬ ಕಾಣಬೇಕು. ಬಾಗಿಲು ತೆಗೆಯುವುದು, ಗಂಟೆ ಹೊಡೆಯುವುದು, ಮೇಣದ ಬತ್ತಿ ಹಚ್ಚುವುದು, ಆರಾಧನೆಗೆ ಮುನ್ನ ಕೋಲು ಹಿಡಿದು ಪಾದ್ರಿ ಅಯ್ಯನವರ ಮುಂದೆ ನಡೆಯುವುದು, ಇಷ್ಟೂ ಕೆಲಸದ ಆಳಿಗೆ ವರ್ಜರ್ ಎನ್ನುತ್ತಾರೆ. ಮದುಮಗಳು ಹೊಸ್ತಿಲು ತಲುಪಿದೊಡನೆ ವರ್ಜರ್ ಆ ಕಂಬದ ಬಳಿಯಿಂದ ಕೈ ಎತ್ತುತ್ತಾನೆ. ಕೈಯೂ ಕಂಡಿತು, ಬಾಗಿಲಲ್ಲಿ ಬಿಳಿಯ ವೇಲೂ ಕಂಡಿತು ಅಂದರೆ ಸಂಗೀತ ಶುರು. ಬರೀ ಕೈ ನಂಬಬೇಡ, ಬಾಗಿಲನ್ನೂ ನೋಡು ಎಂದು ಅಪ್ಪ ಮಗಳಿಗೆ ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದರು.

ಮಗಳು ಆ ದಿನ ಬಾಗಿಲನ್ನು ನೋಡಿರಲಿಲ್ಲ. ನೋಡೋಣವೆಂದರೂ ಅದು ಕನ್ನಡಿಯಲ್ಲಿ ಇರಲಿಲ್ಲ. ಕನ್ನಡಿಯನ್ನು ಅವಳೇ ಒಂದು ಬೆರಳಷ್ಟು ಪಕ್ಕಕ್ಕೆ ತಿರುಗಿಸಿ ಇಟ್ಟುಕೊಂಡಿದ್ದಳು. ಆಗ ಕಂಬ ನಡುವೆ ಬರುತ್ತಿತ್ತು, ಕಂಬದ ಜೊತೆಗೆ ಮೇಸ್ತ್ರಿಯೂ ಬರುತ್ತಿದ್ದ.

ಹೌದು, ನೋಡಲಿಕ್ಕೇ. ಇನ್ನೇನಕ್ಕೆ?

ಮೇಸ್ತ್ರಿ ಮೂಲತಃ ಬಡಗಿ. ಚರ್ಚಿನ ಬೆಂಚುಗಳಿಗೆ ಗೆದ್ದಲು ಹಿಡಿದಾಗ ರಿಪೇರಿಗೆಂದು ಬಂದವನು. ಕೆಲಸ ಮುಗಿಯುವ ಹೊತ್ತಿಗೆ ಹಳೆಯ ವರ್ಜರ್ ವಯಸ್ಸಾಯಿತೆಂದು ಮಗಳ ಮನೆಗೆ ಹೋದರು. ಯಾರಾದರೂ ಸಿಗುವವರೆಗೆ ಸದ್ಯಕ್ಕೆ ಗಂಟೆ ಹೊಡೆದುಕೊಂಡಿರಿ ಎಂದು ಅಯ್ಯನವರು ಕೇಳಿಕೊಂಡರು. ಗೇಟಿನ ಪಕ್ಕದ ಕೋಣೆಯನ್ನೂ ಸದ್ಯಕ್ಕೆ ಕೊಟ್ಟರು. ಆ 'ಸದ್ಯಕ್ಕೆ' ಮೂರು ವರ್ಷದಿಂದ ನಡೆಯುತ್ತಾ ಬಂದಿತ್ತು. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಆ ಕೋಣೆಯ ಕಿಟಕಿಯಲ್ಲಿ ಮಾತ್ರ ಎರಡು ಕುಂಡದಲ್ಲಿ ಹೂವಿತ್ತು.

ಅವನಿಗೊಂದು ಚಾಳಿ. ಯಾವ ವಸ್ತುವನ್ನೇ ಇಡಲಿ, ಮೇಣದ ಬತ್ತಿಯಾಗಲಿ, ಹೂದಾನಿಯಾಗಲಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಹಲಗೆಯ ಓರೆಕೋರೆ ನೋಡಿದ ಹಾಗೆ ನೋಡುತ್ತಿದ್ದ. ಒಮ್ಮೆ ಅಯ್ಯನವರು ಪ್ರಸಂಗ ಮಾಡಲು ನಿಂತಾಗಲೂ ಹಾಗೆಯೇ ನೋಡಿದ್ದನೆಂದು, ಅಯ್ಯನವರು ತಮಗರಿವಿಲ್ಲದೆ ನೆಟ್ಟಗಾದರೆಂದು ಕ್ವಾಯರಿನ ಹಾಡುಗಾರರಲ್ಲಿ ಒಂದು ಕಥೆಯೇ ಇತ್ತು.

ಟೀಚರ್‌ಗೆ ಅವನ ಮೇಲೆ ಕಣ್ಣು ಬಿದ್ದದ್ದು ಒಂದು ಬೆಂಚಿನ ದೆಸೆಯಿಂದ. ಅವಳ ಅಪ್ಪ ಆರಡಿ ಆಳು. ಆರ್ಗನ್ನಿನ ಬೆಂಚು ಅವರ ಅಳತೆಯದು. ಟೀಚರ್ ಆ ಬೆಂಚಿನ ಅಂಚಿಗೆ ಜಾರಿ ಕೂತು, ಹೆಬ್ಬೆರಳ ತುದಿಯಲ್ಲಿ ಪೆಡಲು ಮೀಟುತ್ತ ವರ್ಷಗಟ್ಟಲೆ ಸೊಂಟ ನೋಯಿಸಿಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಅಪ್ಪನ ಬೆಂಚಿನ ಬಗ್ಗೆ ದೂರು ಹೇಳುವುದುಂಟೇ? ಒಂದು ಭಾನುವಾರ ಬಂದು ಕೂತರೆ ಎರಡೂ ಪಾದ ಮೆತ್ತಗೆ ಪೆಡಲಿನ ಮೇಲೆ ಪೂರ್ತಿ ಕೂತವು. ಬಗ್ಗಿ ನೋಡಿದಳು. ಬೆಂಚಿನ ನಾಲ್ಕೂ ಕಾಲನ್ನು ಯಾರೋ ಅಳೆದು ಕೊಯ್ದು, ಕೊಯ್ದದ್ದು ಗೊತ್ತಾಗದ ಹಾಗೆ ಉಜ್ಜಿ, ಬಣ್ಣ ಹಚ್ಚಿದ್ದರು.

ಯಾರೋ ಎಂದರೆ ಇನ್ಯಾರು? ಒಂದು ನಮಸ್ಕಾರವನ್ನಾದರೂ ತಲುಪಿಸೋಣವೆಂದು ಅವಳು ಕನ್ನಡಿಯನ್ನು ಕಂಬದ ಕಡೆಗೆ ತಿರುಗಿಸಿದಳು. ಮೇಸ್ತ್ರಿ ಅಲ್ಲಿ ಒಂದು ಕಣ್ಣು ಮುಚ್ಚಿ ಮೇಣದ ಬತ್ತಿಯೊಂದನ್ನು ನೋಡುತ್ತಿದ್ದ. ನೋಡುತ್ತ ನೋಡುತ್ತ ಅವಳಿಗೆ ನಮಸ್ಕಾರ ಮರೆತುಹೋಯಿತು. ಕನ್ನಡಿ ಮಾತ್ರ ಹಾಗೆಯೇ ಉಳಿಯಿತು.

ಮದುವೆಯ ಸಂಜೆಯೂ ಆದದ್ದು ಅಷ್ಟೇ. ಎಲ್ಲರೂ ಮದುಮಗಳಿಗೆ ಕಾಯುತ್ತಿದ್ದಾಗ ಮೇಸ್ತ್ರಿ ತೊಟ್ಟಿಯ ಮೇಲಿನ ಹೂದಾನಿಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿ, ಹಿಂದೆ ಸರಿದು, ಕಣ್ಣು ಮುಚ್ಚಿದ. ಟೀಚರ್‌ಗೆ ನಗು ಬಂತು. ಅವನು ತಲೆ ಎತ್ತಿದ. ಕೈಯೂ ಎತ್ತಿದ. ಅವಳು ನುಡಿಸಿದಳು.

ಮದುವೆ ಮುಗಿದ ಮೇಲೆ ಮದುಮಗಳ ತಂದೆ ವೆಸ್ಟ್ರಿಗೆ, ಅಂದರೆ ಅಯ್ಯನವರು ನಿಲುವಂಗಿ ಬದಲಾಯಿಸುವ ಕೋಣೆಗೆ, ಬಂದರು. ಗ್ರಹಚಾರಕ್ಕೆ ಅವರೇ ಸಭೆಯ ಕಮಿಟಿಯ ಕಾರ್ಯದರ್ಶಿ. ಕೂಗಾಡುವ ಮನುಷ್ಯನಲ್ಲ, ಆದರೆ ಒಬ್ಬಳೇ ಮಗಳ ಮದುವೆ ನಗೆಪಾಟಲಾಯಿತೆಂದು ಅವರ ದನಿ ನಡುಗುತ್ತಿತ್ತು. ಮೇಸ್ತ್ರಿ ತಲೆ ತಗ್ಗಿಸಿ, ತಪ್ಪು ನನ್ನದು, ಸುಮ್ಮನೆ ಕೈ ಎತ್ತಿಬಿಟ್ಟೆ ಅಂದ. ಟೀಚರ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಮುಂದಿನ ಭಾನುವಾರ ಕಮಿಟಿ ಸೇರುವುದಿತ್ತು. ಮೇಸ್ತ್ರಿಯನ್ನು ಕಾಯಂ ಮಾಡುವ ವಿಷಯ ಅಂದೇ ಮಾತಿಗೆ ಬರಬೇಕಿತ್ತು. ಈಗ ಅದು ಅವನನ್ನು ಕಳಿಸುವ ವಿಷಯವಾಯಿತು.

ಅವಳು ಒಂದು ಮಾತು ಹೇಳಿದರೆ ಅವನ ಕೆಲಸ ಉಳಿಯುತ್ತಿತ್ತು. ಆದರೆ ಆ ಮಾತು ಯಾವುದು? ಕನ್ನಡಿ ತಿರುಗಿಸಿದ್ದು ನಾನು ಅಂದರೆ, ಯಾಕಮ್ಮಾ ಎಂದು ಕೇಳದೆ ಬಿಡುತ್ತಾರೆಯೇ?

ಅವಳು ಸೋದರತ್ತೆಯ ಜೊತೆ ಇದ್ದಳು. ಅಪ್ಪನ ತಂಗಿ ಈ ಅತ್ತೆ ಮದುವೆಯ ಗೋಜಿಗೆ ಹೋಗದೆ ಕ್ವಾಯರಿನಲ್ಲೇ ಕೂದಲು ಹಣ್ಣು ಮಾಡಿಕೊಂಡವರು; ಕ್ವಾಯರಿನ ಪರವಾಗಿ ಕಮಿಟಿಯಲ್ಲೂ ಇದ್ದರು. ಅವತ್ತು ಊಟದ ಹೊತ್ತಿಗೆ ಸೋದರಸೊಸೆಯ ತಟ್ಟೆ ನೋಡಿ, ಅನ್ನವನ್ನು ಎಷ್ಟು ಹೊತ್ತು ಕಲಸ್ತೀಯಾ, ಅದೇನು ಗೋಡೆಗೆ ಮೆತ್ತೋದಕ್ಕಾ ಎಂದು ಕೇಳಿದರು. ಟೀಚರ್ ತಲೆನೋವು ಅಂದಳು. ಅತ್ತೆ ಇನ್ನೇನೂ ಕೇಳದೆ ಮಜ್ಜಿಗೆ ಬಡಿಸಿದರು. ಕೇಳದೆ ಇರುವುದು ಅವರ ಸ್ವಭಾವವಲ್ಲವಾದ್ದರಿಂದ ಟೀಚರ್‌ಗೆ ಇನ್ನಷ್ಟು ದಿಗಿಲಾಯಿತು.

ಗುರುವಾರ ಅವಳು ಅಭ್ಯಾಸಕ್ಕೆಂದು ಚರ್ಚಿಗೆ ಹೋದಾಗ ಮೇಸ್ತ್ರಿ ನಡುವಿನ ಹಾದಿಯನ್ನು ಒರೆಸುತ್ತಿದ್ದ. ಅವಳು ಬಂದದ್ದು ಕಂಡು, ಒದ್ದೆ ಇದೆ, ಅಂಚಿನಲ್ಲೇ ಬನ್ನಿ ಅಂದ. ಅವಳು ಅಂಚಿನಲ್ಲಿ ನಡೆದಳು. ನಡುವೆ ನಿಂತಳು.

"ಮೇಸ್ತ್ರಿಯವರೇ, ಭಾನುವಾರ ಏನು ಹೇಳ್ತೀರಿ?"

"ಹೇಳಿದ್ದೀನಲ್ಲ. ಕೈ ಎತ್ತಿದೆ ಅಂತ."

"ಯಾಕೆ ಎತ್ತಿದಿರಿ?"

ಅವನು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿದ. ಒಮ್ಮೆ ಹಿಂಡಿದ ಬಟ್ಟೆಯನ್ನು ಮತ್ತೆ ಅದ್ದುವ ಗಂಡಸಿನ ತಲೆಯಲ್ಲಿ ಬೇರೇನೋ ಇದೆ ಎಂದು ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

"ನೊಣ ಬಂತು ಅಂತ ಇಟ್ಕೊಳ್ಳಿ," ಅಂದ.

"ನೊಣಕ್ಕೆ ಅಷ್ಟು ಮರ್ಯಾದೆಯಿಂದ ಕೈ ಎತ್ತುತ್ತಾರಾ?"

ಅವನು ನಕ್ಕ. ಮೀಸೆಯ ಒಂದೇ ತುದಿ ಮೇಲೇಳುವ ನಗು. ಕನ್ನಡಿಯಲ್ಲಿ ಅದು ಯಾವಾಗಲೂ ಬಲತುದಿಯಾಗಿತ್ತು, ಎದುರಿಗೆ ನೋಡಿದರೆ ಎಡತುದಿ. ಇಷ್ಟು ದಿನ ಅವನ ನಗುವನ್ನು ತಾನು ತಿರುಗುಮುರುಗಾಗಿ ಕಲಿತಿದ್ದೆನಲ್ಲ ಎಂದು ಟೀಚರ್‌ಗೆ ಅನ್ನಿಸಿತು. ಇದನ್ನು ಸರಿಯಾಗಿ ಕಲಿಯುವ ಮೊದಲೇ ಅವನು ಹೊರಟುಹೋದರೆ? ಅವಳು ಹೋಗಿ ಬೆಂಚಿನ ಮೇಲೆ ಕೂತಳು. ಪಾದಗಳು ಪೆಡಲಿನ ಮೇಲೆ ಮೆತ್ತಗೆ ಕೂತವು. ಪ್ರತಿ ಭಾನುವಾರ ಸಭೆಯ ಜೊತೆ ಸೇರಿ ದೇವರಿಗೆ ಕೃತಜ್ಞತೆ ಹೇಳುವಾಗ ಅವಳು ಈ ಬೆಂಚನ್ನೂ ನೆನೆಯುತ್ತಿದ್ದಳು. ದೇವರಿಗೆ ಎಷ್ಟು ಸಲ ಹೇಳಿದ್ದಳೋ, ಬೆಂಚು ಕೊಯ್ದವನಿಗೆ ಒಂದು ಸಲವೂ ಹೇಳಿರಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಪಕ್ಕದ ಹಾಲಿನಲ್ಲಿ ಸೇರಿತು. ಉದ್ದನೆಯ ಮೇಜು, ಟೀ, ಬಿಸ್ಕತ್ತು. ಕ್ವಾಯರ್ ನೋಡಿಕೊಳ್ಳುವವಳೆಂದು ಟೀಚರ್‌ಗೂ ಒಂದು ಕುರ್ಚಿ ಇತ್ತು. ಮೇಸ್ತ್ರಿ ಗೋಡೆಯ ಬಳಿ ನಿಂತಿದ್ದ. ಅಯ್ಯನವರು ಕೂತುಕೊಳ್ಳಿ ಅಂದರೂ ಕೂರಲಿಲ್ಲ. ಆ ಹಾಲಿನ ಕುರ್ಚಿಗಳನ್ನೆಲ್ಲ ಅವನೇ ರಿಪೇರಿ ಮಾಡಿದ್ದು.

ಕಾರ್ಯದರ್ಶಿ ಮಾತು ಶುರು ಮಾಡಿದರು. ಮನುಷ್ಯ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಬದ ಬಳಿ ನಿಂತು ಹಗಲುಗನಸು ಕಾಣುವವರ ಕೈಗೆ ಜನರ ಮದುವೆ, ಮಣ್ಣುಗಳನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದರು. ಒಬ್ಬಿಬ್ಬರು ತಲೆ ಆಡಿಸಿದರು. ಅಯ್ಯನವರು ಮೇಸ್ತ್ರಿಯ ಕಡೆ ತಿರುಗಿ, ಕೈ ಯಾಕೆ ಮೇಲೆ ಹೋಯಿತೆಂದು ಒಂದು ಕಾರಣ ಹೇಳಿದರೆ ನಮಗೂ ಅನುಕೂಲ ಅಂದರು. ಮೆತ್ತಗೆಯೇ ಅಂದರು; ಅವರಿಗೆ ಅವನನ್ನು ಉಳಿಸಿಕೊಳ್ಳುವ ಆಸೆಯಿತ್ತು.

"ಕಾರಣ ಏನೂ ಇಲ್ಲ ಅಯ್ಯನವರೇ," ಅಂದ ಮೇಸ್ತ್ರಿ. "ತಪ್ಪಾಯ್ತು. ಅಷ್ಟೇ."

ಕಾರ್ಯದರ್ಶಿ ಕೈ ಚೆಲ್ಲಿದರು. ನೋಡಿ, ಇನ್ನೇನು ಮಾಡೋದು ಎನ್ನುವ ಹಾಗೆ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ತೀರ್ಮಾನ ಆಗಿಯೇ ಹೋಗುತ್ತಿತ್ತು. ಟೀಚರ್ ಎದ್ದಳು. ಅವಳ ಟೀ ಲೋಟ ಮಗುಚಿತು. ಅದನ್ನೂ ಎತ್ತಲಿಲ್ಲ.

"ತಪ್ಪು ಅವರದಲ್ಲ. ಬರೀ ಕೈ ಕಂಡರೆ ನುಡಿಸಬಾರದು, ಬಾಗಿಲನ್ನೂ ನೋಡಬೇಕು. ಅದು ನನ್ನ ಕೆಲಸ. ನಾನು ಬಾಗಿಲು ನೋಡ್ಲಿಲ್ಲ."

ಕಾರ್ಯದರ್ಶಿಗೆ ಆಶ್ಚರ್ಯ. ಯಾಕೆ ನೋಡಲಿಲ್ಲ ಎಂದು ಕೇಳಿದರು.

"ಕನ್ನಡೀಲಿ ಬಾಗಿಲು ಇರಲಿಲ್ಲ. ನಾನೇ ತಿರುಗಿಸಿಟ್ಟಿದ್ದೆ. ಕಂಬದ ಕಡೆಗೆ."

"ಕಂಬದಲ್ಲಿ ಏನಮ್ಮಾ ಇದೆ ನೋಡೋದಕ್ಕೆ?"

ಅವರು ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದು. ಟೀಚರ್‌ನ ಕಿವಿಗಳು ಕೆಂಡವಾದವು. ಮೇಜಿನ ಮೇಲೆ ಟೀ ಹರಿದು ಬಿಸ್ಕತ್ತಿನ ತಟ್ಟೆಯ ಕೆಳಗೆ ಹೋಗುತ್ತಿತ್ತು. ಅವಳು ಅದನ್ನೇ ನೋಡುತ್ತ ಹೇಳಿದಳು.

"ಅಲ್ಲಿ ಇವರು ನಿಂತಿರ್ತಾರೆ. ಇವರನ್ನ ನೋಡೋಕೆ ತಿರುಗಿಸಿದ್ದೆ. ನನಗೋಸ್ಕರ ಯಾರಿಗೂ ಹೇಳದೆ ಬೆಂಚು ಸರಿ ಮಾಡಿಕೊಟ್ಟರು. ಥ್ಯಾಂಕ್ಸ್ ಹೇಳೋಣ ಅಂತ ತಿರುಗಿಸಿದೆ. ಆಮೇಲೆ ವಾಪಸ್ ತಿರುಗಿಸೋಕೆ ಮನಸ್ಸಾಗ್ಲಿಲ್ಲ. ಕಳಿಸೋದಾದ್ರೆ ನನ್ನನ್ನ ಕಳಿಸಿ."

ಗೋಡೆಯ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಕುರ್ಚಿ ಸರಿಸಿ ಹೊರಟುಬಿಟ್ಟಳು. ಬಾಗಿಲು ದಾಟುವಾಗ ಹಿಂದಿನಿಂದ ಅತ್ತೆಯ ದನಿ ಕೇಳಿತು. ಅಂತೂ ಬಾಯಿ ಬಿಟ್ಟಳಪ್ಪ, ನಾನು ಇನ್ನೆಷ್ಟು ದಿನ ಏನೂ ಗೊತ್ತಿಲ್ಲದವಳ ಹಾಗೆ ಕ್ವಾಯರಿನಲ್ಲಿ ಆಲ್ಟೋ ಹಾಡ್ಕೊಂಡಿರಲಿ ಎಂದು ಅವರು ಪಕ್ಕದವರಿಗೆ ಹೇಳುತ್ತಿದ್ದರು.

ಟೀಚರ್ ನೇರವಾಗಿ ಚರ್ಚಿನೊಳಗೆ ಹೋಗಿ ತನ್ನ ಬೆಂಚಿನ ಮೇಲೆ ಕೂತಳು. ಇನ್ನೆಲ್ಲಿಗೆ ಹೋಗುವುದು? ಮೇಣದ ಬತ್ತಿ ಆರಿಸಿದ ವಾಸನೆ ಇನ್ನೂ ಇತ್ತು. ಆರ್ಗನ್ನಿನ ದೀಪ ಹಾಕಿ, ಯಾವುದೋ ಪುಸ್ತಕ ತೆರೆದು, ಒಂದಕ್ಷರ ಓದದೆ ಕೂತಳು. ಹೇಳಿದ್ದಕ್ಕೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದಳು. ನಾಚಿಕೆಯಾಯಿತು ನಿಜ, ಆದರೆ ಅದರ ಕೆಳಗೆ ಒಂದು ಹಗುರವೂ ಇತ್ತು, ಭಾರದ ಚೀಲ ಕೆಳಗಿಟ್ಟ ಮೇಲೆ ಹೆಗಲಿಗೆ ಆಗುತ್ತದಲ್ಲ, ಹಾಗೆ.

ಹಿಂದೆ ಬಾಗಿಲು ಕಿರುಗುಟ್ಟಿತು. ಅವಳು ತಿರುಗಲಿಲ್ಲ. ಕಣ್ಣು ಮಾತ್ರ ಅಭ್ಯಾಸಬಲದಿಂದ ಮೇಲೆ ಹೋಯಿತು. ಕನ್ನಡಿ ಇನ್ನೂ ಕಂಬದ ಕಡೆಗೇ ಇತ್ತು. ಮೇಸ್ತ್ರಿ ಬಂದು ಕಂಬದ ಬಳಿ, ಯಾವಾಗಲೂ ನಿಲ್ಲುವ ಜಾಗದಲ್ಲೇ ನಿಂತ. ಬಲಗೈ ಎತ್ತಿದ.

ಟೀಚರ್‌ನ ಕೈಗಳು ಮಡಿಲಲ್ಲೇ ಇದ್ದವು. ಅವನು ಸ್ವಲ್ಪ ಹೊತ್ತು ಕಾದು, ಕೈ ಇಳಿಸಿ, ನಡುವಿನ ಹಾದಿಯಲ್ಲಿ ನಡೆದುಕೊಂಡು ಬಂದ. ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

"ಕೈ ಎತ್ತಿದೆ. ಸಂಗೀತ ಬರ್ಲಿಲ್ಲ."

"ಬಾಗಿಲಲ್ಲಿ ಯಾರೂ ಇಲ್ಲವಲ್ಲ."

"ಇಲ್ಲಿಂದ ಬಾಗಿಲು ಕಾಣುತ್ತಾ?"

"ಇಲ್ಲ," ಎಂದು ಒಪ್ಪಿಕೊಳ್ಳಬೇಕಾಯಿತು ಅವಳು.

ಅವನ ಮೀಸೆಯ ತುದಿ ಮೇಲೆದ್ದಿತು. ಹಾಲಿನಲ್ಲಿ ಆದದ್ದನ್ನು ಅವನು ಒಂದೊಂದಾಗಿ ಹೇಳಿದ. ಅವಳು ಹೋದ ಮೇಲೆ ಮೊದಲು ಮಾತಾಡಿದವರು ಕಾರ್ಯದರ್ಶಿಗಳೇ. ಮಗಳು ಫೋನ್ ಮಾಡಿದ್ದಳಂತೆ. ಆ ಸಂಜೆ ಮೆಟ್ಟಿಲ ಬಳಿ ಅವಳಿಗೆ ಕೈಕಾಲು ತಣ್ಣಗಾಗಿ, ಒಳಗೆ ಹೋಗುವುದೇ ಬೇಡ ಎನ್ನುವಷ್ಟು ಭಯವಾಗಿತ್ತಂತೆ. ಒಳಗಿನಿಂದ ಅಷ್ಟೂ ಜನ ನಕ್ಕದ್ದು ಕೇಳಿ, ಇವರೆಲ್ಲ ನಮ್ಮವರೇ ತಾನೇ ಎಂದು ಭಯ ಬಿಟ್ಟುಹೋಯಿತಂತೆ. ಮೇಸ್ತ್ರಿಗೆ ನನ್ನ ಥ್ಯಾಂಕ್ಸ್ ಹೇಳಿ ಅಂದಿದ್ದಳಂತೆ. ಸಿಟ್ಟಿನಲ್ಲಿ ಇದನ್ನು ನಾನು ಹೇಳದೆ ಮುಚ್ಚಿಟ್ಟೆ ಎಂದು ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡರಂತೆ. ಅಯ್ಯನವರು 'ಸದ್ಯಕ್ಕೆ' ಎನ್ನುವ ಮಾತನ್ನು ಇವತ್ತಿಗೆ ತೆಗೆದುಹಾಕೋಣ ಅಂದರು. ಎಲ್ಲರೂ ಕೈ ಎತ್ತಿದರು. ಟೀಚರನ್ನು ಕಳಿಸುವ ಮಾತನ್ನು ಯಾರೂ ಎತ್ತಲೇ ಇಲ್ಲ.

"ಆಮೇಲೆ ಅಯ್ಯನವರು, ಆ ಕನ್ನಡೀನ ಅಲುಗಾಡದ ಹಾಗೆ ಇವತ್ತೇ ಬಿಗಿ ಮಾಡಿ ಅಂದ್ರು. ಅದಕ್ಕೇ ಇದು," ಎಂದು ಸ್ಕ್ರೂಡ್ರೈವರ್ ತೋರಿಸಿದ.

ಟೀಚರ್ ತೆರೆದಿದ್ದ ಪುಸ್ತಕವನ್ನು ಮುಚ್ಚಿದಳು. ಥ್ಯಾಂಕ್ಸ್ ಅಂದಳು. ಬೆಂಚಿಗೆ ಎಂದು ಸೇರಿಸಿದಳು. ಆಗಲೇ ಹೇಳಬೇಕಿತ್ತು ಅಂದಳು.

"ಆಗಲೇ ಹೇಳಿದ್ರಿ," ಅಂದ ಮೇಸ್ತ್ರಿ.

"ಯಾವಾಗ?"

"ಪ್ರತಿ ಭಾನುವಾರ." ಅವನು ಕನ್ನಡಿಯ ಕಡೆ ನೋಡಿದ. "ಟೀಚರ್, ಇದರಲ್ಲಿ ನಾನು ನಿಮಗೆ ಕಂಡರೆ, ನೀವೂ ನನಗೆ ಕಾಣ್ತೀರಲ್ವಾ?"

ಅವಳು ತಲೆ ಎತ್ತಿ ಕನ್ನಡಿಯನ್ನು ನೋಡಿದಳು. ಆ ಕನ್ನಡಿಯ ಕೆಳಗೇ ಬೆಳೆದವಳು ಅವಳು. ಇಷ್ಟು ಸಣ್ಣ ವಿಷಯ ಒಂದು ದಿನವೂ ತಲೆಗೆ ಹೋಗಿರಲಿಲ್ಲ. ಕದ್ದು ನೋಡುತ್ತಿದ್ದೇನೆ ಎಂದುಕೊಂಡಷ್ಟು ಕಾಲವೂ ಎದುರೆದುರೇ ನೋಡುತ್ತಿದ್ದಳು.

"ಪುಸ್ತಕದ ದೀಪ ನಿಮ್ಮ ಮುಖದ ಮೇಲೆ ಬೀಳುತ್ತೆ," ಎಂದು ಅವನು ನೆಲ ನೋಡುತ್ತ ಹೇಳಿದ. "ಅಷ್ಟು ದೂರದಿಂದ ಹಣೆ, ಕಣ್ಣು ಅಷ್ಟೇ ಕಾಣೋದು. ನನ್ನನ್ನೇ ನೋಡ್ತಾರೆ ಅಂತ ಒಂದು ವಾರ ಅನ್ನಿಸೋದು, ಇನ್ನೊಂದು ವಾರ ಛೆ, ನನ್ನನ್ನ ಯಾಕೆ ನೋಡ್ತಾರೆ ಅನ್ನಿಸೋದು. ಮದುವೆ ದಿನ ನೀವು ನಕ್ಕಿರಿ. ನನಗೇ ನಕ್ಕಿದ್ದು ಅಂತ ಗೊತ್ತಾಯ್ತು. ಕೈ ತಾನಾಗೇ ಮೇಲೆ ಹೋಯ್ತು."

"ಅದನ್ನ ಕಮಿಟೀಲಿ ಹೇಳಬಹುದಿತ್ತಲ್ಲ. ಕೆಲಸ ಹೋಗ್ತಿತ್ತು ನಿಮ್ಮದು."

"ಟೀಚರ್ ನನ್ನನ್ನ ನೋಡಿ ನಕ್ಕರು ಅಂತ ನಾನು ಹೇಗೆ ಹೇಳಲಿ? ಅದು ನೀವು ಹೇಳಬೇಕಾದ ಮಾತು. ನೀವು ಹೇಳದೆ ಇದ್ದಿದ್ರೆ ಹಾಗೇ ಇಟ್ಕೊಂಡು ಹೋಗ್ತಿದ್ದೆ." ಟ್ರಂಕ್ ಕಟ್ಟಿಯೂ ಆಗಿತ್ತು ಅಂದ. ಬಟ್ಟೆ, ಉಳಿ, ಸುತ್ತಿಗೆ. ಬೆಂಚಿನ ಕಾಲಿನಿಂದ ಕೊಯ್ದ ನಾಲ್ಕು ತುಂಡುಗಳನ್ನೂ ಅದರಲ್ಲೇ ಇಟ್ಟಿದ್ದ. ಮುಂದೆ ಎತ್ತರದವರು ಯಾರಾದರೂ ನುಡಿಸಲು ಬಂದರೆ ಮತ್ತೆ ಅಂಟಿಸಲು ಬೇಕಾಗುತ್ತದೆಂದು ಎತ್ತಿಟ್ಟದ್ದು, ಚರ್ಚಿನದು, ಬಿಟ್ಟು ಹೋಗಬೇಕಾದದ್ದು. ಬಿಟ್ಟು ಹೋಗಲು ಕೈ ಬಂದಿರಲಿಲ್ಲ.

ಟೀಚರ್‌ಗೆ ಈಗ ಕಣ್ಣೀರೇ ಬಂತು. ತೋಳಿನಿಂದ ಒರೆಸಿಕೊಂಡಳು. ಮೇಸ್ತ್ರಿ ಗಾಬರಿಯಾಗಿ ನಿಲುವಂಗಿಯ ಜೇಬಿನಲ್ಲಿ ಕರವಸ್ತ್ರ ಹುಡುಕಿದ. ಸಿಕ್ಕಿದ್ದು ಮೇಣ ಒರೆಸುವ ಬಟ್ಟೆ. ಅದನ್ನೇ ಕೊಟ್ಟ. ಅವಳು ಅದನ್ನೇ ತೆಗೆದುಕೊಂಡಳು.

ಅವನು ಕನ್ನಡಿಯ ಚೌಕಟ್ಟನ್ನು ಹಿಡಿದ. ಸ್ಕ್ರೂ ಮೇಲೆ ಸ್ಕ್ರೂಡ್ರೈವರ್ ಇಟ್ಟ. "ಯಾವ ಕಡೆ ಬಿಗೀಲಿ?"

"ಬಾಗಿಲ ಕಡೆ."

ಅವನ ಮುಖ ಸಪ್ಪಗಾಯಿತು. ಸರಿ ಅಂದ. ಕನ್ನಡಿಯನ್ನು ಒಂದು ಬೆರಳಷ್ಟು ತಿರುಗಿಸಿದ. ಬಾಗಿಲು ನಡುವೆ ಬಂತು. ಕಂಬ ಅಂಚಿಗೆ ಹೋಯಿತು. ಅವಳು ಅವನನ್ನು ಪೂರ್ತಿ ಬಿಗಿಯಲು ಬಿಟ್ಟಳು. ಇಷ್ಟು ದಿನ ಕಾಡಿಸಿದ್ದಕ್ಕೆ ಅಷ್ಟಾದರೂ ಬೇಡವೇ?

"ಜನರ ಮದುವೆ ಕೆಡಬಾರದು ನೋಡಿ," ಎಂದಳು ಆಮೇಲೆ. "ನಿಮ್ಮನ್ನ ನೋಡೋಕೆ ನನಗೆ ಇನ್ನು ಕನ್ನಡಿ ಬೇಡ."

ಹೇಳಿ, ಬೆಂಚಿನ ಮೇಲೆಯೇ ಪೂರ್ತಿ ತಿರುಗಿ, ಆರ್ಗನ್ನಿಗೆ ಬೆನ್ನು ಹಾಕಿ ಕೂತಳು. ಅಪ್ಪ ಆ ಬೆಂಚಿನ ಮೇಲೆ ಯಾವತ್ತೂ ಹಾಗೆ ಕೂತವರಲ್ಲ. ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. ಕನ್ನಡಿ ನೆಟ್ಟಗಿದೆಯೇ ಎಂದು ನೋಡುತ್ತಾನೆಂದು ಅವಳು ಎಣಿಸಿದಳು. ಅವನು ಅವಳನ್ನು ನೋಡಿದ. ಅದೂ ಎರಡೂ ಕಣ್ಣು ತೆರೆದು.

ಆ ನಾಲ್ಕು ತುಂಡುಗಳನ್ನು ಏನು ಮಾಡಲಿ ಎಂದು ಅವನು ಕೇಳಿದ. ಇಟ್ಟುಕೊಳ್ಳೋಣ ಅಂದಳು ಅವಳು. ಆ 'ಓಣ' ಕೇಳಿ ಅವನು ಸ್ಕ್ರೂಡ್ರೈವರ್ ಕೆಳಗೆ ಬೀಳಿಸಿದ. ಖಾಲಿ ಚರ್ಚಿನಲ್ಲಿ ಅದು ಗಂಟೆ ಹೊಡೆದಷ್ಟು ಸದ್ದು ಮಾಡಿತು.

ಮುಂದಿನದೆಲ್ಲ ಅತ್ತೆಯ ಕೈಯಲ್ಲಿತ್ತು, ಬೇಗ ಬೇಗ ನಡೆಯಿತು. ಮದುವೆಗೆ ಮುನ್ನ ಮೂರು ಭಾನುವಾರ ಇಬ್ಬರ ಹೆಸರನ್ನೂ ಸಭೆಯ ಮುಂದೆ ಓದಿ, ಯಾರಿಗಾದರೂ ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ಕೇಳುವುದು ಅವರಲ್ಲಿ ಪದ್ಧತಿ. ಮೊದಲ ಭಾನುವಾರ ಅಯ್ಯನವರು ಹೆಸರು ಓದಿದಾಗ ಟೀಚರ್ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಆಕ್ಷೇಪಣೆ ಇದೆಯೇ ಎಂದು ಅವರು ಕೇಳಿದರು. ಅವಳ ಕಣ್ಣು ಕನ್ನಡಿಗೆ ಹೋಯಿತು. ಅಂಚಿನಲ್ಲಿ ಅರ್ಧ ಮೇಸ್ತ್ರಿ ಕಂಡ. ಗ್ರಹಚಾರಕ್ಕೆ ಈಗ ಕೈ ಮೇಲೆ ಹೋದರೆ ಏನು ಗತಿಯೆಂದು ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದ.

ಅಯ್ಯನವರೂ ಅದನ್ನು ಕಂಡಿರಬೇಕು. ಮೌನವನ್ನು ತುಸು ಹೆಚ್ಚೇ ಎಳೆದು, ಆಕ್ಷೇಪಣೆ ಇಲ್ಲ ಎಂದು ತಿಳಿದುಕೊಳ್ಳುತ್ತೇನೆ, ಈಗ ಎದ್ದು ನಿಂತು ಕೃತಜ್ಞತೆಯ ಗೀತೆ ಹಾಡೋಣ ಅಂದರು.

ಟೀಚರ್ ಎರಡೂ ಪಾದ ಪೆಡಲಿನ ಮೇಲೆ ಊರಿ ನುಡಿಸತೊಡಗಿದಳು. ಸಭೆ ಎದ್ದಿತು. ಆದರೆ ಹಾಡು ಶುರುವಾಗಲಿಲ್ಲ. ಬಟ್ಟೆಗಳ ಸರಬರ ಸದ್ದು ಕೇಳಿತು. ಏನಾಯಿತೆಂದು ಅವಳು ನುಡಿಸುವುದನ್ನು ನಿಲ್ಲಿಸಿ ಮೇಲೆ ನೋಡಿದಳು. ಕನ್ನಡಿಯ ತುಂಬ ಜನರ ಬೆನ್ನು. ಮುಂದಿನ ಸಾಲಿನ ಕಾರ್ಯದರ್ಶಿಗಳಿಂದ ಹಿಡಿದು ಕೊನೆಯ ಸಾಲಿನ ಅಜ್ಜಿಯವರೆಗೆ ಎಲ್ಲರೂ ಹಿಂದಕ್ಕೆ ತಿರುಗಿ, ಮದುಮಗಳಿಗಾಗಿ ನಿಂತ ಹಾಗೆ ನಿಂತು, ಕಂಬದ ಕಡೆ ನೋಡುತ್ತಿದ್ದರು.

ಈ ಸಲ ಯಾರೂ ತಪ್ಪಿ ಎದ್ದಿರಲಿಲ್ಲ. ಮೇಸ್ತ್ರಿ ಆಚೆ ನೋಡಿದ, ಈಚೆ ನೋಡಿದ, ಕಂಕುಳಿನಿಂದ ಬಲಗೈಯನ್ನು ಮೆಲ್ಲಗೆ ಬಿಡಿಸಿಕೊಂಡ. ಅವನು ಕೈ ಎತ್ತಿದ, ಅವಳು ನುಡಿಸಿದಳು, ಇಡೀ ಚರ್ಚು ಹಾಡಿತು.